ಕಂಠದೊಳಗಿನ ಕೆರೆಯ ಊರು

ದೇಶಸಂಚಾರದ ಬರೆಹಗಳಲ್ಲಿ ವಾಚಕರು ಕಾಶಿಯ ಘಟ್ಟಗಳನ್ನೂ ಹಿಮಾಲಯದ ಕಣಿವೆಗಳನ್ನೂ ಕಡಲಾಚೆಯ ಪಟ್ಟಣಗಳನ್ನೂ ಎಷ್ಟೋ ಸಲ ಕಂಡಿರುವರು. ಈ ಸಲ ನಾವು ಅವರನ್ನು ಕರೆದೊಯ್ಯಬೇಕೆಂದಿರುವ ಸ್ಥಳಕ್ಕೆ ರೈಲಿನ ಚೀಟಿಯೂ ಬೇಡ, ಹಡಗಿನ ಚೀಟಿಯೂ ಬೇಡ. ಅದು ನಮ್ಮೆಲ್ಲರ ಕೊರಳಲ್ಲಿಯೇ ಇರುವುದು. ಗಂಟಲಮಣಿಯ ಸ್ವಲ್ಪ ಕೆಳಗೆ, ಉಸಿರುಕೊಳವೆಯ ಮುಂಭಾಗವನ್ನು ತಬ್ಬಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕುಳಿತಿರುವ ಈ ಅವಯವಕ್ಕೆ ಥೈರಾಯಿಡ್ ಗ್ರಂಥಿಯೆಂದು ಹೆಸರು. ತೂಕ ಸುಮಾರು ೨೦ ಗ್ರಾಂ. ಹಿರಿಯರ ಲೆಕ್ಕದಲ್ಲಿ ಎರಡು ತೊಲೆಗೂ ಕಡಿಮೆ. ಇಷ್ಟು ಸಣ್ಣ ಊರಿನ ಹೊರಬಾಗಿಲಿನಿಂದ ಒಳಮನೆಯವರೆಗೆ ತಲಪುವುದಕ್ಕೆ ಮನುಷ್ಯನಿಗೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ದಾರಿಯನ್ನು ನಾವು ಒಂದೊಂದೇ ಬೀಡಿನಲ್ಲಿ ತಂಗುತ್ತ ನಡೆದು ನೋಡೋಣ.

ಹೊರಗೆ ನಿಂತು ನೋಡುವವರಿಗೆ ಈ ಊರಿನ ಇರವು ಬಹುಕಾಲ ತಿಳಿದುಬಂದುದು ಅದು ಕೆಟ್ಟಾಗ ಮಾತ್ರವೇ. ಕೊರಳಿನ ಮುಂದೆ ಗಡ್ಡೆಯಾಗಿ ಬೆಳೆಯುವ ಬೇನೆಯನ್ನು ನಮ್ಮ ಪ್ರಾಚೀನ ವೈದ್ಯರು ಗಳಗಂಡವೆಂದು ಕರೆದು, ಸುಶ್ರುತ ಸಂಹಿತೆಯಲ್ಲಿ ವರ್ಣಿಸಿರುವರು. ೧೬೫೬ರಲ್ಲಿ ಲಂಡನ್ನಿನ ವೈದ್ಯರಾದ ಥಾಮಸ್ ವಾರ್ಟನ್ ಎಂಬುವರು ಗ್ರೀಕರ ಗುರಾಣಿಯನ್ನು ನೆನೆದು ಈ ಗ್ರಂಥಿಗೆ ಥೈರಾಯಿಡ್ ಎಂಬ ಹೆಸರನ್ನಿತ್ತರು. ಆದರೆ ಇದರ ಕೆಲಸವೇನೆಂಬುದಕ್ಕೆ ಅವರು ಬರೆದ ಉತ್ತರಗಳಲ್ಲಿ, ಹೆಂಗಸರ ಕೊರಳನ್ನು ತುಂಬಿ ಅಂದಗೊಳಿಸುವುದೂ ಒಂದು!

ಗಳಗಂಡವು ಎಲ್ಲ ಸೀಮೆಗಳಲ್ಲಿಯೂ ಒಂದೇ ಸಮನಾಗಿ ಕಾಣುವ ಬೇನೆಯಲ್ಲ. ಹಿಮಾಲಯದ ಅಡಿಯ ಕಣಿವೆಗಳಲ್ಲಿಯೂ ಯೂರೋಪಿನ ಆಲ್ಪ್ಸ್ ಪರ್ವತಗಳ ಹಳ್ಳಿಗಳಲ್ಲಿಯೂ ಅದು ಮನೆಮನೆಯ ಸಂಗತಿಯಾಗಿತ್ತು. ಮಳೆಯೂ ಹಿಮನದಿಗಳೂ ಅಲ್ಲಿಯ ಮಣ್ಣಿನ ಅಯೋಡಿನ್ ಎಂಬ ದ್ರವ್ಯವನ್ನು ತೊಳೆದೊಯ್ದಿರುವುದೇ ಇದಕ್ಕೆ ಕಾರಣ. ೧೯೫೬ರಲ್ಲಿ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸುವ ಪ್ರಯೋಗವನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪನ್ನು ತಿಂದ ಕಡೆ ಮಕ್ಕಳ ಗಳಗಂಡವು ಎದ್ದು ಕಾಣುವಷ್ಟು ಇಳಿಯಿತು. ೧೯೬೨ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಕೈಗೊಂಡಿತು. ನಮ್ಮ ಅಡಿಗೆಮನೆಯ ಉಪ್ಪಿನ ಭರಣಿಗೂ ಈ ಊರಿಗೂ ಇರುವ ನಂಟು ಇದು.

ಗ್ರಂಥಿಯಿಲ್ಲದಿದ್ದರೆ ಏನಾಗುವುದೆಂಬುದನ್ನು ಜಗತ್ತಿಗೆ ತಿಳಿಸಿದ ಊರು ಸ್ವಿಟ್ಜರ್ಲೆಂಡಿನ ಬರ್ನ್. ಅಲ್ಲಿಯ ಶಸ್ತ್ರವೈದ್ಯರಾದ ಥಿಯೋಡೋರ್ ಕೋಖರ್ ಎಂಬುವರು ಗಳಗಂಡದ ರೋಗಿಗಳಲ್ಲಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕುವುದರಲ್ಲಿ ನಿಪುಣರು. ಹೀಗೆ ವಾಸಿಯಾದವರನ್ನು ಕೆಲವು ವರ್ಷಗಳ ತರುವಾಯ ಕರೆಸಿ ನೋಡಲಾಗಿ, ಅವರಲ್ಲಿ ಅನೇಕರ ಮೈ ಊದಿ, ಮಾತು ಮಂದವಾಗಿ, ಬುದ್ಧಿ ಜಡವಾಗಿತ್ತು. ಎಳೆಯರ ಬೆಳವಣಿಗೆ ಕುಂಠಿತವಾಗಿತ್ತು. ಇದನ್ನು ಅವರು ಮರೆಮಾಚದೆ ೧೮೮೩ರಲ್ಲಿ ವೈದ್ಯರ ಸಭೆಯ ಮುಂದಿಟ್ಟರು. ೧೮೯೧ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಜಾರ್ಜ್ ಮರ್ರೆ ಎಂಬ ವೈದ್ಯರು ಇಂಥದೇ ಜಡತೆಯಿಂದ ನರಳುತ್ತಿದ್ದ ೪೬ ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯಿಡ್ ಗ್ರಂಥಿಯ ರಸವನ್ನು ಸೂಜಿಯ ಮೂಲಕ ಕೊಟ್ಟರು. ಆಕೆ ಚೇತರಿಸಿಕೊಂಡು ಇನ್ನೂ ೨೮ ವರ್ಷ ಬಾಳಿದಳು. ಹಾಗಾದರೆ ಗ್ರಂಥಿಯು ರಕ್ತಕ್ಕೆ ಏನನ್ನೋ ಕೊಡುತ್ತಿದೆಯೆಂದಾಯಿತು. ಅದನ್ನು ೧೯೧೪ರ ಕ್ರಿಸ್‌ಮಸ್ ದಿನ ಅಮೆರಿಕದ ರಾಚೆಸ್ಟರ್ ಊರಿನ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರು ಶುದ್ಧ ಹರಳುಗಳಾಗಿ ಬೇರ್ಪಡಿಸಿದರು. ಅದಕ್ಕೆ ಥೈರಾಕ್ಸಿನ್ ಎಂದು ಹೆಸರಾಯಿತು. ಒಂದು ಗ್ರಂಥಿ ಹುಟ್ಟಿಸಿ ರಕ್ತದ ಮೂಲಕ ದೂರದ ಅಂಗಗಳಿಗೆ ಕಳುಹಿಸುವ ಇಂಥ ವಸ್ತುವಿಗೆ ಹಾರ್ಮೋನು ಎನ್ನುವರು.

ವಸ್ತುವು ಸೀಸೆಯಲ್ಲಿ ಸಿಕ್ಕಿತು. ಆದರೆ ಊರೊಳಗೆ ಅದು ಯಾವ ಮನೆಯಲ್ಲಿ ಹುಟ್ಟಿ, ಯಾವ ಉಗ್ರಾಣದಲ್ಲಿ ತಂಗಿ, ಯಾವ ಬಾಗಿಲಿನಿಂದ ಹೊರಡುವುದು? ಗ್ರಂಥಿಯನ್ನು ಅರೆದು ರಸ ತೆಗೆದವರಿಗೆ ಇದು ತಿಳಿಯುವಂತಿಲ್ಲ. ಅರೆದ ಮೇಲೆ ಮನೆಗಳಾಗಲಿ ಬೀದಿಗಳಾಗಲಿ ಉಳಿಯುವುವೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಊರನ್ನು ಇದ್ದ ಹಾಗೆಯೇ ಉಳಿಸಿಕೊಂಡು ಒಳಹೊಗಬೇಕು.

ಸಾಮಾನ್ಯ ಸೂಕ್ಷ್ಮದರ್ಶಕದ ಗಾಜಿನ ಮೂಲಕ ಗ್ರಂಥಿಯ ತೆಳುವಾದ ಸೀಳನ್ನು ನೋಡಿದರೆ ಮನೋಹರವಾದ ನೋಟವೊಂದು ಕಾಣುವುದು. ನೋಡಿದಲ್ಲೆಲ್ಲ ಗುಂಡಗಿನ ಕೆರೆಗಳು. ಒಂದೊಂದು ಕೆರೆಯ ಅಡ್ಡಳತೆ ಸುಮಾರಾಗಿ ಮಿಲಿಮೀಟರಿನ ಐದನೆಯ ಒಂದು ಭಾಗ; ಇದಕ್ಕಿಂತ ಹಿರಿದಾದುವೂ ಕಿರಿದಾದುವೂ ಉಂಟು. ಪ್ರತಿಯೊಂದು ಕೆರೆಯ ಸುತ್ತಲೂ ಒಂದೇ ಸಾಲಿನ ಮನೆಗಳಂತೆ ಜೀವಕೋಶಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿರುವುವು. ಕೆರೆಯಲ್ಲಿ ತುಂಬಿರುವುದು ನೀರಲ್ಲ, ಗಟ್ಟಿಯಾದ ಅಂಟುರಸ. ಮನೆಗಳ ಹಿತ್ತಿಲ ಕಡೆ ನೂಲಿನೆಳೆಯಂಥ ರಕ್ತನಾಳಗಳು ಹರಿದಿರುವುವು. ದೇಹದ ಬೇರೆ ಅನೇಕ ಗ್ರಂಥಿಗಳು ತಮ್ಮ ಸರಕನ್ನು ಕೋಶದ ಒಳಗೇ ಕೂಡಿಡುವುವು. ಈ ಊರಿನವರು ಮಾತ್ರ ಮನೆಯ ಮುಂದಿನ ಕೆರೆಯಲ್ಲಿ ಕೂಡಿಟ್ಟು, ಬೇಕಾದಾಗ ಮೊಗೆದು ತೆಗೆದುಕೊಳ್ಳುವರು. ಆರೋಗ್ಯವಂತರ ಗ್ರಂಥಿಯಲ್ಲಿ ಎರಡು ಮೂರು ತಿಂಗಳಿಗೆ ಸಾಲುವಷ್ಟು ದಾಸ್ತಾನು ಇರುವುದುಂಟು. ಬರಗಾಲವನ್ನು ಕಂಡ ರೈತನು ಕಣಜವನ್ನು ತುಂಬಿಟ್ಟುಕೊಂಡಂತೆ ಇದು.

ಇಲ್ಲಿಗೆ ನಮ್ಮ ಗಾಜಿನ ಕಣ್ಣು ಸೋಲುವುದು. ಬೆಳಕಿನ ಅಲೆಗಳಿಗೆ ತಮ್ಮದೇ ಆದ ಅಳತೆಯುಂಟು. ಮಿಲಿಮೀಟರಿನ ಐದು ಸಾವಿರದ ಒಂದು ಭಾಗಕ್ಕಿಂತ ಹತ್ತಿರವಾಗಿರುವ ಎರಡು ಚುಕ್ಕೆಗಳನ್ನು ಅವು ಬೇರೆ ಬೇರೆಯಾಗಿ ತೋರಿಸಲಾರವು. ಮನೆಯ ಹೊರಗೋಡೆ ಕಂಡೀತೇ ಹೊರತು ಒಳಗಿನ ಪಾತ್ರೆ ಪದಾರ್ಥಗಳು ಕಾಣವು. ಈ ಕಟ್ಟನ್ನು ಮುರಿದ ಕೀರ್ತಿ ಬರ್ಲಿನ್ ಪಟ್ಟಣದ್ದು. ೧೯೩೧ರಲ್ಲಿ ಅಲ್ಲಿಯ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಎರ್ನ್ಸ್ಟ್ ರೂಸ್ಕಾ ಮತ್ತು ಮಾಕ್ಸ್ ಕ್ನೋಲ್ ಎಂಬುವರು ಬೆಳಕಿಗೆ ಬದಲು ಎಲೆಕ್ಟ್ರಾನುಗಳ ಧಾರೆಯನ್ನೂ, ಗಾಜಿನ ಮಸೂರಕ್ಕೆ ಬದಲು ಕಾಂತದ ಸುರುಳಿಯನ್ನೂ ಉಪಯೋಗಿಸಿ ಹೊಸ ಬಗೆಯ ಸೂಕ್ಷ್ಮದರ್ಶಕವನ್ನು ರಚಿಸಿದರು. ಎರಡೇ ವರ್ಷಗಳಲ್ಲಿ ರೂಸ್ಕಾರವರ ಯಂತ್ರವು ಬೆಳಕಿನ ಸೂಕ್ಷ್ಮದರ್ಶಕವನ್ನು ಮೀರಿಸಿತು. ಆದರೆ ಅವರಿಗೆ ನೊಬೆಲ್ ಬಹುಮಾನವು ದೊರೆತುದು ೧೯೮೬ರಲ್ಲಿ, ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ಈ ಯಂತ್ರದ ಬಾಗಿಲಲ್ಲಿ ಒಳಹೊಗುವುದಕ್ಕೆ ಕಠಿಣವಾದ ಮಡಿಯುಂಟು. ಎಲೆಕ್ಟ್ರಾನುಗಳು ಗಾಳಿಯಲ್ಲಿ ಚದರಿಹೋಗುವುದರಿಂದ ಯಂತ್ರದ ಒಳಗೆ ಗಾಳಿಯಿರಕೂಡದು. ಗ್ರಂಥಿಯ ತುಣುಕಿನಲ್ಲಿ ನೀರಿನ ಪಸೆ ಉಳಿಯಕೂಡದು. ಆದುದರಿಂದ ತುಣುಕನ್ನು ಮೊದಲು ಕೊಳೆಯದಂತೆ ರಾಸಾಯನಿಕಗಳಲ್ಲಿ ನೆನೆಸಿ ನಿಲ್ಲಿಸುವರು. ಬಳಿಕ ನೀರನ್ನೆಲ್ಲ ತೆಗೆದು, ಅರಗಿನಂತೆ ಗಟ್ಟಿಯಾಗುವ ರಾಳದಲ್ಲಿ ಹುದುಗಿಸುವರು. ಕೊನೆಗೆ ವಜ್ರದ ಅಲಗಿನಿಂದ ಸೀಳುವರು. ಒಂದು ತಲೆಗೂದಲಿನ ದಪ್ಪವನ್ನು ಸಾವಿರ ಪದರಗಳಾಗಿ ಬಿಡಿಸಿದರೆ ಅದರ ಒಂದು ಪದರ ಎಷ್ಟಿದ್ದೀತೋ ಅಷ್ಟು ತೆಳುವು ಆ ಸೀಳು. ಅದನ್ನು ತಾಮ್ರದ ಪುಟ್ಟ ಜಾಲರಿಯ ಮೇಲಿಟ್ಟು ಯಂತ್ರದೊಳಗೆ ಇಳಿಯಬಿಡುವರು.

ಈಗ ಕೆರೆಯ ದಂಡೆಯ ಒಂದು ಮನೆಯನ್ನು ಹೊಗೋಣ. ಹಿತ್ತಿಲಿನಿಂದ, ಅಂದರೆ ರಕ್ತನಾಳದ ಕಡೆಯಿಂದ ಬಂದರೆ, ಮೊದಲು ಎದುರಾಗುವುದು ಮಡಿಕೆ ಮಡಿಕೆಯಾದ ಪೊರೆಗಳ ಸಂದಣಿ. ಅವುಗಳ ಮೈಗೆ ಗಸಗಸೆ ಉದುರಿಸಿದಂತೆ ಕಾಳುಗಳು ಅಂಟಿರುವುವು. ಮುಂದೆ ಹೋದರೆ ಒಂದರ ಮೇಲೊಂದು ದೋಸೆಯನ್ನು ಪೇರಿಸಿಟ್ಟಂತೆ ಚಪ್ಪಟೆಯಾದ ಚೀಲಗಳು. ಇವುಗಳನ್ನು ಮೊದಲು ಕಂಡ ಇಟಲಿಯ ವಿದ್ವಾಂಸರ ಹೆಸರಿನಿಂದ ಗಾಲ್ಗಿ ಎಂದು ಕರೆಯುವರು. ಅದನ್ನು ದಾಟಿದರೆ ಸಣ್ಣ ಸಣ್ಣ ಗುಳ್ಳೆಗಳು. ಕಟ್ಟಕಡೆಗೆ ಕೆರೆಯ ಕಡೆಯ ಗೋಡೆ. ಅದರಿಂದ ಬೆರಳಿನಂಥ ಚಾಚುಗಳು ಕೆರೆಯೊಳಕ್ಕೆ ಹೊರಟಿರುವುವು. ಎಲ್ಲವೂ ಕಪ್ಪು ಬಿಳುಪಿನ ನೋಟ. ಹೊಸ ಪೇಟೆಯೊಂದನ್ನು ನಡುರಾತ್ರಿಯಲ್ಲಿ ಹೊಕ್ಕ ಪ್ರಯಾಣಿಕನಂತೆ ನಮಗೆ ಕಟ್ಟಡಗಳೆಲ್ಲ ಕಾಣುವುವು, ಆದರೆ ಯಾವುದು ಯಾರ ಅಂಗಡಿ, ಒಳಗಿರುವ ಸರಕು ಯಾವುದು ಎಂದು ಹೇಳುವವರು ಯಾರೂ ಇಲ್ಲ. ಈ ಕಪ್ಪು ಗುಳ್ಳೆಯಲ್ಲಿರುವುದು ಹಾರ್ಮೋನೋ, ಅದನ್ನು ಅರಗಿಸುವ ರಸವೋ, ಇಲ್ಲವೆ ಬರಿಯ ಕಸವೋ? ಕಣ್ಣು ಎಷ್ಟು ತೀಕ್ಷ್ಣವಾದರೂ, ಗುರುತು ಹಿಡಿಯುವವರಿಲ್ಲದಿದ್ದರೆ ಕಂಡದ್ದು ತಿಳಿದಂತಾಗಲಿಲ್ಲ.

ಗುರುತು ಹಿಡಿಯುವ ದೂತನು ಸಿಕ್ಕಿದ್ದು ನಮ್ಮ ನೆತ್ತರಿನಲ್ಲಿಯೇ. ಪರಕೀಯವಾದ ವಸ್ತುವೊಂದು ಮೈಯನ್ನು ಹೊಕ್ಕರೆ, ಅದಕ್ಕೇ ಸರಿಹೊಂದುವ ಪ್ರತಿಕಾಯಗಳನ್ನು ದೇಹವು ಸಿದ್ಧಪಡಿಸುವುದು. ಬೀಗಕ್ಕೆ ಬೀಗದಕೈ ಹೇಗೋ ಹಾಗೆ ಒಂದೊಂದು ಪ್ರತಿಕಾಯವು ತನ್ನ ವಸ್ತುವನ್ನೇ ಹುಡುಕಿ ಹಿಡಿಯುವುದು. ಶುದ್ಧವಾದ ಹಾರ್ಮೋನನ್ನು ಮೊಲಕ್ಕೆ ಚುಚ್ಚಿದರೆ, ಕೆಲವು ವಾರಗಳ ತರುವಾಯ ಮೊಲದ ರಕ್ತದಲ್ಲಿ ಆ ಹಾರ್ಮೋನನ್ನು ಗುರುತಿಸುವ ಪ್ರತಿಕಾಯಗಳು ದೊರೆಯುವುವು. ಈ ದೂತನನ್ನು ಊರೊಳಕ್ಕೆ ಬಿಟ್ಟರೆ ಅವನು ಸರಿಯಾದ ಮನೆಗೇ ಹೋಗಿ ನಿಲ್ಲುವನು. ಆದರೆ ಅವನೂ ಕಣ್ಣಿಗೆ ಕಾಣನು! ಅವನ ಕೈಗೆ ದೀಪವನ್ನು ಕೊಡಬೇಕೆಂಬ ಯೋಚನೆ ಹೊಳೆದುದು ಆಲ್ಬರ್ಟ್ ಕೂನ್ಸ್ ಎಂಬ ಅಮೆರಿಕದ ವೈದ್ಯರಿಗೆ. ೧೯೩೯ರ ಬೇಸಗೆಯಲ್ಲಿ ಅವರು ವಿರಾಮಕ್ಕಾಗಿ ಹೋಗಿದ್ದುದು ಅದೇ ಬರ್ಲಿನ್ ಪಟ್ಟಣಕ್ಕೆ. ಯುದ್ಧದ ಮೋಡ ಕವಿದಿದ್ದ ಆ ಪಟ್ಟಣದಲ್ಲಿ ಈ ವಿಚಾರವು ಅವರ ಮನಸ್ಸಿಗೆ ಬಂದಿತು. ಬೋಸ್ಟನ್ನಿಗೆ ಮರಳಿ, ಸಂಗಡಿಗರೊಡನೆ ದುಡಿದು, ೧೯೪೧ರಲ್ಲಿ ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೆ ಅಂಟಿಸಿದ ಸಮಾಚಾರವನ್ನು ಅವರು ಪ್ರಕಟಿಸಿದರು. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಬಿಟ್ಟರೆ ಪ್ರತಿಕಾಯವಿದ್ದ ಸ್ಥಳವು ಮಿಣುಕುಹುಳದಂತೆ ಹೊಳೆಯತೊಡಗಿತು.

ಆದರೆ ಎಲೆಕ್ಟ್ರಾನ್ ಯಂತ್ರದಲ್ಲಿ ಬಣ್ಣಕ್ಕೂ ಹೊಳಪಿಗೂ ಬೆಲೆಯಿಲ್ಲ. ಅಲ್ಲಿ ಕಾಣಬೇಕಾದರೆ ಎಲೆಕ್ಟ್ರಾನುಗಳನ್ನು ತಡೆಯುವಷ್ಟು ಭಾರವಾದ ವಸ್ತು ಬೇಕು. ೧೯೫೯ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಿಂಗರ್ ಎಂಬುವರು ಕಬ್ಬಿಣವನ್ನು ಗರ್ಭದಲ್ಲಿಟ್ಟುಕೊಂಡಿರುವ ಫೆರಿಟಿನ್ ಎಂಬ ವಸ್ತುವನ್ನು ಪ್ರತಿಕಾಯಕ್ಕೆ ಜೋಡಿಸಿದರು. ೧೯೬೬ರಲ್ಲಿ ಮಿಷಿಗನ್ನಿನ ನಕಾನೆ ಮತ್ತು ಪಿಯರ್ಸ್ ಎಂಬುವರು ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಜೋಡಿಸಿ, ಪ್ರತಿಕಾಯವು ಕುಳಿತ ಕಡೆ ಕಂದುಬಣ್ಣದ ಗಷ್ಟು ನಿಲ್ಲುವಂತೆ ಮಾಡಿದರು. ೧೯೭೧ರಲ್ಲಿ ಫಾಕ್ ಮತ್ತು ಟೇಲರ್ ಎಂಬುವರು ಚಿನ್ನದ ಕಣಗಳನ್ನೇ ತೊಡಿಸಿದರು. ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರ ಒಂದು ಭಾಗದಷ್ಟು ಅಡ್ಡಳತೆಯ ಕಣಗಳು ಈ ಕೆಲಸಕ್ಕೆ ಒದಗುವುವು. ಇಷ್ಟು ಸಣ್ಣದಾಗಿ ನೀರಿನಲ್ಲಿ ತೇಲುವ ಚಿನ್ನವು ಹಳದಿಯಾಗಿರದೆ ದಾಳಿಂಬೆಯ ರಸದಂತೆ ಕೆಂಪಾಗಿರುವುದು. ಎಲೆಕ್ಟ್ರಾನ್ ಯಂತ್ರದಲ್ಲಿ ಒಂದೊಂದು ಕಣವೂ ಅಂಚು ಮಾಸದ ಕರಿಯ ಬೊಟ್ಟಾಗಿ ಕಾಣುವುದು, ಎಣಿಸಿ ಲೆಕ್ಕವಿಡಬಹುದು. ಸಾಧಾರಣವಾಗಿ ಮೊಲದ ಪ್ರತಿಕಾಯಕ್ಕೆ ನೇರವಾಗಿ ಚಿನ್ನವನ್ನು ಕಟ್ಟುವುದಿಲ್ಲ. ಅದು ತನ್ನ ಸ್ಥಳದಲ್ಲಿ ಕುಳಿತ ಮೇಲೆ, ಅದನ್ನೇ ಗುರುತಿಸುವ ಇನ್ನೊಂದು ಪ್ರಾಣಿಯ ಪ್ರತಿಕಾಯಕ್ಕೆ ಚಿನ್ನ ತೊಡಿಸಿ ಹಿಂದೆಯೇ ಕಳುಹಿಸುವರು.

ಈ ದೂತರ ಹಿಂದೆ ನಡೆದರೆ ಕೆರೆಯ ಊರಿನ ವ್ಯಾಪಾರವೆಲ್ಲ ವಿಶದವಾಗುವುದು. ಥೈರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನು ಈ ಊರಿನ ಮೂಲಸರಕು. ಜಲಜನಕದ ಒಂದು ಪರಮಾಣುವಿಗಿಂತ ಅದರ ಒಂದು ಅಣು ಸುಮಾರು ೬,೬೦,೦೦೦ ಪಾಲು ಭಾರ. ಅದನ್ನು ಹುಡುಕುವ ದೂತರ ಚಿನ್ನದ ಬೊಟ್ಟುಗಳು ಗಸಗಸೆ ಅಂಟಿದ ಪೊರೆಗಳಲ್ಲಿಯೂ, ಗಾಲ್ಗಿಯ ಚೀಲಗಳಲ್ಲಿಯೂ, ಮುಂದಿನ ಗುಳ್ಳೆಗಳಲ್ಲಿಯೂ, ಕೆರೆಯ ತುಂಬವೂ ಕಾಣುವುವು. ಎಂದರೆ ಸರಕು ಹಿತ್ತಿಲ ಕಡೆ ಹುಟ್ಟಿ, ನಡುಮನೆಯಲ್ಲಿ ಹದಗೊಂಡು, ಕೆರೆಗೆ ಇಳಿಯುವುದು. ಥೈರಾಕ್ಸಿನ್ನನ್ನು ಹುಡುಕುವ ದೂತರ ದಾರಿಯೇ ಬೇರೆ. ಅವರು ಹುಟ್ಟುಮನೆಯ ಕಡೆ ಸುಳಿಯದೆ, ಕೆರೆಯಲ್ಲಿಯೂ ಕೆರೆಯಿಂದ ಮೊಗೆದುತಂದ ಹನಿಗಳಲ್ಲಿಯೂ ನಿಲ್ಲುವರು. ಇದರ ಅರ್ಥ ಸ್ಪಷ್ಟವಾಗಿದೆ. ರಕ್ತದಿಂದ ಹೀರಿಕೊಂಡ ಅಯೋಡಿನ್ ಪ್ರೋಟೀನಿಗೆ ಬೆಸೆದುಕೊಳ್ಳುವುದು ಮನೆಯ ಒಳಕೋಣೆಯಲ್ಲಲ್ಲ, ಕೆರೆಯ ಅಂಚಿನಲ್ಲಿ. ನಾಲ್ಕು ಅಯೋಡಿನ್ ಪರಮಾಣುಗಳುಳ್ಳ ಥೈರಾಕ್ಸಿನ್ ಅಲ್ಲಿಯೇ ರೂಪುಗೊಂಡು ಪ್ರೋಟೀನಿನ ಮೈಯಲ್ಲಿ ಹುದುಗಿರುವುದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಪ್ಪಣೆ ಬಂದಾಗ ಮನೆಯವರು ಕೆರೆಯ ರಸವನ್ನು ಹನಿ ಹನಿಯಾಗಿ ಒಳಕ್ಕೆ ನುಂಗಿ, ಅರಗಿಸುವ ಚೀಲಗಳಲ್ಲಿ ಪ್ರೋಟೀನನ್ನು ಒಡೆದು, ಹಾರ್ಮೋನನ್ನು ಬಿಡಿಸಿ ಹಿತ್ತಿಲ ರಕ್ತನಾಳಕ್ಕೆ ಬಿಡುವರು.

ಇಲ್ಲಿ ವಾಚಕರು ಗಮನಿಸತಕ್ಕ ಸೂಕ್ಷ್ಮವೊಂದುಂಟು. ಪ್ರೋಟೀನಿನಿಂದ ಬಿಡಿಸಿಕೊಂಡ ಥೈರಾಕ್ಸಿನ್ ಬಹು ಚಿಕ್ಕ ಅಣು. ತುಣುಕನ್ನು ನೆನೆಸಿ ತೊಳೆಯುವಾಗಲೇ ಅದು ಜಾರಿಹೋಗುವುದು. ಆದುದರಿಂದ ಚಿನ್ನದ ಬೊಟ್ಟು ತೋರಿಸುವುದು ಪ್ರೋಟೀನಿಗೆ ಇನ್ನೂ ಅಂಟಿಕೊಂಡಿರುವ ಹಾರ್ಮೋನನ್ನು. ಬೊಟ್ಟಿಗೂ ನಿಜವಾದ ಸ್ಥಳಕ್ಕೂ ನಡುವೆ ಪ್ರತಿಕಾಯಗಳ ಉದ್ದದಷ್ಟು ಅಂತರವೂ ಇರುವುದು. ದೂತನು ತಪ್ಪು ಮನೆಗೆ ಹೋಗಿ ಕುಳಿತುಬಿಟ್ಟರೆ? ಚಿನ್ನವನ್ನು ಚಿನಿವಾರನು ಒರೆಗೆ ಹಚ್ಚದೆ ಕೊಳ್ಳುವುದಿಲ್ಲವಷ್ಟೆ. ಇಲ್ಲಿಯೂ ಒರೆಗಲ್ಲುಗಳುಂಟು. ಹಾರ್ಮೋನನ್ನು ಚುಚ್ಚಿಸಿಕೊಳ್ಳದ ಮೊಲದ ರಕ್ತವನ್ನು ಬಳಸಿದರೆ ಬೊಟ್ಟುಗಳು ಕಾಣಕೂಡದು. ಪ್ರತಿಕಾಯವನ್ನು ಮೊದಲೇ ಶುದ್ಧ ಹಾರ್ಮೋನಿನೊಡನೆ ಬೆರೆಸಿ ಅದರ ಹಿಡಿತವನ್ನು ತುಂಬಿಬಿಟ್ಟರೂ ಕಾಣಕೂಡದು. ಆಗಲೂ ಕಂಡರೆ ಆ ಸಾಕ್ಷಿ ಸುಳ್ಳುಸಾಕ್ಷಿ.

ಇಲ್ಲಿಯವರೆಗೆ ನಾವು ಕೆರೆಯ ದಂಡೆಯ ನಿವಾಸಿಗಳನ್ನು ಮಾತ್ರ ಕಂಡೆವು. ಈ ಊರಿನಲ್ಲಿ ಇನ್ನೊಂದು ಒಕ್ಕಲು ಉಂಟು. ದಂಡೆಯ ಮನೆಗಳ ಬೆನ್ನಿಗೆ, ಕೆರೆಯ ರಸವನ್ನು ಎಂದೂ ಮುಟ್ಟದೆ, ಒಂಟಿಯಾಗಿಯೂ ಸಣ್ಣ ಗುಂಪುಗಳಾಗಿಯೂ ನೆಲೆಸಿರುವ ತೆಳುಬಣ್ಣದ ಕೋಶಗಳಿವು. ೧೮೭೬ರಲ್ಲಿಯೇ ಬೇಬರ್ ಎಂಬುವರು ನಾಯಿಯ ಗ್ರಂಥಿಯಲ್ಲಿ ಇವನ್ನು ಕಂಡು ಬರೆದಿದ್ದರು. ಎಲೆಕ್ಟ್ರಾನ್ ಯಂತ್ರದಲ್ಲಿ ನೋಡಿದರೆ ಇವುಗಳ ಒಳಗೆ ಸಾಸುವೆ ತುಂಬಿದ ಡಬ್ಬಿಯಂತೆ ದುಂಡು ಕಾಳುಗಳು ಕಿಕ್ಕಿರಿದಿರುವುವು. ಮನುಷ್ಯನ ಗ್ರಂಥಿಯಲ್ಲಿ ಇವರ ಸಂಖ್ಯೆ ಅತ್ಯಲ್ಪ. ಇವರ ಕಸುಬು ಯಾವುದೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ.

ಸುಳುಹು ಬಂದುದು ಕೆನಡಾದ ಪಡುವಣ ಕರೆಯ ವ್ಯಾಂಕೂವರ್ ಪಟ್ಟಣದಿಂದ. ಅಲ್ಲಿಯ ಹೆರಾಲ್ಡ್ ಕಾಪ್ ಎಂಬುವರು ೧೯೬೨ರಲ್ಲಿ ರಕ್ತದ ಸುಣ್ಣದ ಅಂಶವನ್ನು ಇಳಿಸುವ ಹೊಸ ಹಾರ್ಮೋನೊಂದನ್ನು ವರ್ಣಿಸಿ, ಅದಕ್ಕೆ ಕ್ಯಾಲ್ಸಿಟೋನಿನ್ ಎಂದು ಹೆಸರಿಟ್ಟರು. ಅದು ಥೈರಾಯಿಡಿನ ಹಿಂದಿರುವ ಪ್ಯಾರಾಥೈರಾಯಿಡ್ ಗ್ರಂಥಿಗಳಿಂದ ಬರುವುದೆಂದು ಅವರು ಮೊದಲು ಭಾವಿಸಿದರು. ಆದರೆ ಇತರರು ನಡೆಸಿದ ಪ್ರಯೋಗಗಳಿಂದ ಅದು ಥೈರಾಯಿಡಿನಿಂದಲೇ ಬರುವುದೆಂದು ಒಂದೆರಡು ವರ್ಷಗಳಲ್ಲಿ ಸ್ಥಿರಪಟ್ಟಿತು. ಹಾಗಾದರೆ ಥೈರಾಯಿಡಿನ ಯಾವ ಒಕ್ಕಲಿನದು? ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಎವರ್ಸನ್ ಪಿಯರ್ಸ್ ಎಂಬುವರು ಆ ತೆಳುಬಣ್ಣದ ಕೋಶಗಳ ಮೇಲೆ ಸಂಶಯಪಟ್ಟು, ಅವನ್ನು ಸಿ ಕೋಶಗಳೆಂದು ಕರೆದರು. ೧೯೬೭ರಲ್ಲಿ ಬುಸೊಲಾಟಿ ಎಂಬುವರೊಡನೆ ಸೇರಿ, ಹಂದಿಯ ಕ್ಯಾಲ್ಸಿಟೋನಿನ್ನಿಗೆ ತಯಾರಿಸಿದ ಪ್ರತಿಕಾಯವನ್ನು ಕೂನ್ಸರ ವಿಧಾನದಲ್ಲಿ ಹಂದಿಯ ಮತ್ತು ನಾಯಿಯ ಗ್ರಂಥಿಗಳೊಳಕ್ಕೆ ಬಿಟ್ಟರು. ಕೆರೆಗಳೂ ದಂಡೆಯ ಮನೆಗಳೂ ಕತ್ತಲೆಯಲ್ಲಿ ಉಳಿದುವು. ಬೆನ್ನಿನ ಒಂಟಿಮನೆಗಳು ಮಾತ್ರ ಹೊಳೆದುವು. ಮುಂದೆ ಎಲೆಕ್ಟ್ರಾನ್ ಯಂತ್ರದಲ್ಲಿ ಪ್ರತಿಕಾಯದ ಗುರುತುಗಳು ಆ ಸಾಸುವೆ ಕಾಳುಗಳ ಮೇಲೆಯೇ ಕುಳಿತುವು. ಒಂದೇ ಗ್ರಂಥಿಯೆಂದು ತಿಳಿದಿದ್ದುದು ಎರಡು ಒಕ್ಕಲುಗಳ ಊರೆಂದು ಹೀಗೆ ನಿಶ್ಚಯವಾಯಿತು. ಮೀನುಗಳಲ್ಲಿಯೂ ಹಕ್ಕಿಗಳಲ್ಲಿಯೂ ಈ ಎರಡನೆಯ ಒಕ್ಕಲು ಥೈರಾಯಿಡಿನೊಡನೆ ಕೂಡದೆ ಪ್ರತ್ಯೇಕವಾದ ಗ್ರಂಥಿಯಾಗಿಯೇ ಇರುವುದೆಂಬುದೂ ಇದಕ್ಕೆ ಒಪ್ಪುವ ಸಂಗತಿ.

ಇಷ್ಟು ಸೂಕ್ಷ್ಮವಾಗಿ ಮನೆ ಹುಡುಕಿದುದರಿಂದ ಸಂಸಾರಿಗಳಿಗೆ ಏನು ಪ್ರಯೋಜನವೆಂದು ಕೇಳುವವರು ಇದ್ದಾರು. ೧೯೫೯ರಲ್ಲಿ ಅಮೆರಿಕದ ವೈದ್ಯರು ಥೈರಾಯಿಡಿನ ವಿಚಿತ್ರವಾದ ಅರ್ಬುದರೋಗವೊಂದನ್ನು ಬೇರ್ಪಡಿಸಿ, ಮೆಡುಲರಿ ಎಂಬ ಹೆಸರಿನಿಂದ ವರ್ಣಿಸಿದರು. ಅದು ಕೆಲವು ಮನೆತನಗಳಲ್ಲಿ ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿದುಬರುತ್ತಿತ್ತು. ಕೊರಳಲ್ಲಿ ಗಂಟು ಕಾಣಿಸುವ ಹೊತ್ತಿಗೆ ರೋಗವು ಬೇರೆ ಕಡೆಗೂ ಹಬ್ಬಿರುತ್ತಿದ್ದುದುಂಟು. ಈ ಅರ್ಬುದವು ಸಿ ಕೋಶಗಳದೆಂದು ೧೯೬೬ರಲ್ಲಿ ವಿಲಿಯಮ್ಸ್ ಎಂಬುವರು ಊಹಿಸಿದರು. ಕ್ಯಾಲ್ಸಿಟೋನಿನ್ನಿನ ನೆಲೆ ತಿಳಿದ ಮೇಲೆ ಊಹೆಯು ಪರೀಕ್ಷೆಗೆ ಸಿಕ್ಕಿತು: ಗಂಟಿನ ಕೋಶಗಳು ಆ ಪ್ರತಿಕಾಯವನ್ನು ಹಿಡಿದುವು, ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಮಿತಿಮೀರಿ ದೊರೆಯಿತು. ಗಂಟು ಕೈಗೆ ಸಿಕ್ಕುವ ಮೊದಲೇ ರಕ್ತದಲ್ಲಿ ರೋಗದ ಸುದ್ದಿಯನ್ನು ಓದುವಂತಾಯಿತು. ೧೯೯೩ರಲ್ಲಿ ಈ ಮನೆತನದ ರೋಗಕ್ಕೆ ಕಾರಣವಾದ ರೆಟ್ ಎಂಬ ಜೀನಿನ ದೋಷವೂ ಪತ್ತೆಯಾಯಿತು. ಈಗ ಅಂಥ ಮನೆತನದ ಮಗುವಿನ ರಕ್ತವನ್ನು ಪರೀಕ್ಷಿಸಿ, ದೋಷವಿದ್ದರೆ ಅರ್ಬುದವು ಹಬ್ಬುವ ಮೊದಲೇ ಗ್ರಂಥಿಯನ್ನು ತೆಗೆದುಹಾಕುವರು. ಬರ್ನ್ ಪಟ್ಟಣದಲ್ಲಿ ಗ್ರಂಥಿ ಕಳೆದುಕೊಂಡ ಮಕ್ಕಳಿಗೆ ಒದಗಿದ ಗತಿಯು ಈ ಮಗುವಿಗೆ ಒದಗುವುದಿಲ್ಲ; ದಿನಕ್ಕೊಂದು ಥೈರಾಕ್ಸಿನ್ ಗುಳಿಗೆಯು ದಂಡೆಯ ಒಕ್ಕಲಿನ ಕೆಲಸವನ್ನು ನಡೆಸಿಕೊಡುವುದು. ಸಿ ಕೋಶಗಳಿಲ್ಲದೆಯೂ ಮನುಷ್ಯನ ರಕ್ತದ ಸುಣ್ಣವು ಬಹುಮಟ್ಟಿಗೆ ಸಮವಾಗಿಯೇ ಉಳಿಯುವುದು.

ಇದೇ ದೂತನು ಹಗೆಯಾಗುವುದೂ ಉಂಟೆಂಬುದನ್ನು ಇಲ್ಲಿ ಹೇಳಬೇಕು. ೧೯೧೨ರಲ್ಲಿ ಜಪಾನಿನ ಹಕಾರು ಹಶಿಮೊಟೊ ಎಂಬ ವೈದ್ಯರು ರಕ್ತದ ಬಿಳಿಯ ಕಣಗಳು ಮುತ್ತಿ ತುಂಬಿದ್ದ ನಾಲ್ಕು ಗ್ರಂಥಿಗಳನ್ನು ವರ್ಣಿಸಿದರು. ಕಾರಣವು ಆಗ ತಿಳಿಯಲಿಲ್ಲ. ೧೯೫೬ರಲ್ಲಿ ಲಂಡನ್ನಿನಲ್ಲಿ ರಾಯಿಟ್, ಡೋನಿಯಾಕ್ ಮತ್ತು ಅವರ ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಅವರದೇ ಥೈರೋಗ್ಲಾಬ್ಯುಲಿನ್ನಿನ ಮೇಲೆ ತಿರುಗಿಬಿದ್ದ ಪ್ರತಿಕಾಯಗಳನ್ನು ಕಂಡರು. ಮೈಯ ಕಾವಲುಪಡೆಯು ಸ್ವಂತ ಊರನ್ನೇ ಪರಕೀಯವೆಂದು ಬಗೆದು ಮುತ್ತಿಗೆ ಹಾಕಿದಂತೆ ಇದು. ಆಹಾರದಲ್ಲಿ ಅಯೋಡಿನ್ ಸಾಕಷ್ಟಿರುವ ಸೀಮೆಗಳಲ್ಲಿ ಥೈರಾಯಿಡ್ ಸೊರಗುವುದಕ್ಕೆ ಮುಖ್ಯ ಕಾರಣವೇ ಈ ರೋಗ. ಇದಕ್ಕೆ ಈಡಾಗುವವರಲ್ಲಿ ಹೆಂಗಸರೇ ಹೆಚ್ಚು. ದಣಿವು, ಮಲಬದ್ಧತೆ, ಚಳಿಯನ್ನು ತಾಳಲಾರದಿರುವುದು, ಮೈ ಭಾರವಾಗುವುದು, ಕೂದಲು ಉದುರುವುದು ಇವನ್ನು ಮನೆಗೆಲಸದ ಆಯಾಸವೆಂದು ವರ್ಷಗಟ್ಟಲೆ ತಳ್ಳಿಹಾಕಿದ ಗೃಹಿಣಿಯರು ಎಷ್ಟು ಮಂದಿಯೋ! ಸಣ್ಣದೊಂದು ರಕ್ತಪರೀಕ್ಷೆಯಿಂದ ಇದು ತಿಳಿಯುವುದು. ಗುಳಿಗೆಯಿಂದ ಹದಕ್ಕೆ ಬರುವುದು. ಬಸುರಿಯರಲ್ಲಿಯೂ ಆಗತಾನೆ ಹುಟ್ಟಿದ ಶಿಶುಗಳಲ್ಲಿಯೂ ಇದರ ಕಡೆ ಲಕ್ಷ್ಯವಿರಬೇಕಾದುದು ಇನ್ನೂ ಮುಖ್ಯ. ಶಿಶುವಿನ ಮಿದುಳು ಬೆಳೆಯುವ ಕಾಲದಲ್ಲಿ ಈ ಹಾರ್ಮೋನಿನ ಕೊರತೆಯಾದರೆ, ಮುಂದೆ ಎಷ್ಟು ಕೊಟ್ಟರೂ ಆ ನಷ್ಟವು ಪೂರ್ತಿಯಾಗಿ ತುಂಬದು.

ಎಲೆಕ್ಟ್ರಾನ್ ಯಂತ್ರವೂ ಚಿನ್ನದ ಬೊಟ್ಟುಗಳೂ ಸಂಶೋಧಕರ ಮನೆಯ ಸಾಧನಗಳು. ನಿತ್ಯದ ಚಿಕಿತ್ಸೆಯಲ್ಲಿ ಅವು ಬೇಕಾಗುವುದು ಅಪರೂಪ. ಆದರೆ ಅವು ಬರೆದುಕೊಟ್ಟ ಊರಿನ ನಕ್ಷೆಯು ಈಗ ಆಸ್ಪತ್ರೆಗಳ ನಿತ್ಯದ ಕೆಲಸಕ್ಕೆ ಒದಗುತ್ತಿದೆ. ಕೊರಳಿನಲ್ಲಿ ಗಂಟೆದ್ದ ರೋಗಿಯಿಂದ ತೆಗೆದ ತುಣುಕಿನಲ್ಲಿ ಸಂಶಯ ಉಳಿದರೆ, ಪರೀಕ್ಷಕರು ಅದಕ್ಕೆ ಎರ��ು ಬಗೆಯ ಪ್ರತಿಕಾಯಗಳನ್ನು ಹಚ್ಚುವರು. ಒಂದು ಥೈರೋಗ್ಲಾಬ್ಯುಲಿನ್ನನ್ನು ಹುಡುಕುವುದು, ಇನ್ನೊಂದು ಕ್ಯಾಲ್ಸಿಟೋನಿನ್ನನ್ನು. ಮೊದಲನೆಯದು ಕಂದುಬಣ್ಣ ತಳೆದರೆ ರೋಗವು ಕೆರೆಯ ದಂಡೆಯ ಒಕ್ಕಲಿನದು. ಎರಡನೆಯದು ತಳೆದರೆ ಬೆನ್ನಿನ ಒಂಟಿಮನೆಯದು. ಆಗ ವೈದ್ಯರು ರೋಗಿಯೊಬ್ಬರನ್ನೇ ಅಲ್ಲದೆ, ಅವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ವಿಚಾರಿಸುವರು.